ಬಿಜಾಪುರ ರೋಡಿನ ಇಡ್ಲಿ

ಹೈದರಾಬಾದಿನವರು ಈ ರಸ್ತೆಯನ್ನು ಇಂದಿಗೂ ಬಿಜಾಪುರ ರೋಡ್ ಎನ್ನುತ್ತಾರೆ. ಹೆಸರು ನಮ್ಮ ಕಡೆಯದು, ಮಾತು ಪೂರಾ ತೆಲುಗು. ತಾರ್ನಾಕದ ಮನೆಯಿಂದ ಊರಿಗೆ ಹೊರಟಾಗಲೆಲ್ಲ ನಾನು ಚೇವೆಳ್ಳದ ಹತ್ತಿರ, ಆಲದ ಮರದ ಕೆಳಗಿನ ತಗಡಿನ ಹೋಟೆಲಿನಲ್ಲಿ ನಿಲ್ಲುತ್ತೇನೆ. ‘ಅಮ್ಮಾ, ರೆಂಡು ಇಡ್ಲಿ’ ಅನ್ನುತ್ತೇನೆ. ಹೋಟೆಲಿನಾಕೆಯೂ ತೆಲುಗಿನಲ್ಲೇ ಚಟ್ನಿ ಬೇಕೇ ಎಂದು ಕೇಳುತ್ತಾಳೆ. ವರ್ಷಗಳಿಂದ ಹೀಗೇ.

ಇವತ್ತು ರಸ್ತೆ ಅಗಲ ಮಾಡುವವರು ಹೋಟೆಲು ತೆಗೆಸಿದ್ದರು. ಆಕೆಯ ಗಂಡ ಟೆಂಪೋಗೆ ಸಾಮಾನು ಏರಿಸುತ್ತಿದ್ದ. ಆಕೆ ಕೂಗಿದಳು: ‘ರೊಟ್ಟಿ ಹಂಚು ಹಗೂರಕ ಇಡ್ರಿ, ಒಡದೀತು!’

ನಾನು ದಂಗಾದೆ. ‘ಯಾವೂರ್ರಿ ಅಕ್ಕಾರ ನಿಮ್ಮದು?’

ಆಕೆ ತಿರುಗಿ ನನ್ನನ್ನೇ ನೋಡಿದಳು. ‘ತಾಳಿಕೋಟಿರಿ. ನಿಮ್ಮದು?’

‘ಸಿಂದಗಿ.’

‘ಅಯ್ಯ ಶಿವನ! ಒಂದ್ ಮಾತು ಅನಬಾರದೇನ್ರಿ? ನಮ್ಮ ಸಲುವಾಗಿ ಹೋಟೆಲಿನ ಹಿಂದ ದಿನಾ ಬಿಸಿ ರೊಟ್ಟಿ, ಝುಣಕ ಮಾಡತಿದ್ದೆ. ನಿಮಗ ಬರೇ ಇಡ್ಲಿ ಕೊಟ್ನೆಲ್ಲ!’

ಕೈಯನ್ನು ಸೆರಗಿಗೆ ಒರೆಸಿಕೊಂಡು ಆಕೆ ಒಲೆಯ ಕಡೆ ನೋಡಿದಳು. ಕಪ್ಪಾದ ಮೂರು ಕಲ್ಲು ಮಾತ್ರ ಉಳಿದಿದ್ದವು.

‘ಕುಂದರ್ರಿ ಅನ್ನಾಕೂ ಬೆಂಚಿಲ್ಲ ನೋಡ್ರಿ ಈಗ,’ ಅಂದಳು.