ಕಬ್ಬಿಣದ ದಣಿವು ಕೇಳುವ ಜಡೆಪ್ಪ

ಹೊಸಪೇಟೆಯ ಗಾಡಿ ಅಡ್ಡೆಯಲ್ಲಿ ಕಮ್ಮಾರ ಜಡೆಪ್ಪನ ಕಣ್ಣು ತಪ್ಪಿಸಿ ಹೊರಟ ಗಾಡಿಯನ್ನು ನಾನಂತೂ ಕಂಡಿಲ್ಲ. ಸಂಡೂರಿನಿಂದ ಅದಿರು ಹೊತ್ತ ಗಾಡಿ ಬಂದು ನಿಂತಿತೋ ಇಲ್ಲವೋ, ಇವನು ಅಡಿಗೆ ನುಸುಳಿ, ಗಾಲಿಗಳ ಕಬ್ಬಿಣದ ಅಚ್ಚಿಗೆ ಸುತ್ತಿಗೆಯಿಂದ ಟಣ್ ಎಂದು ಬಡಿದು, ಕಿವಿಗೊಟ್ಟು, ನಾಡಿ ಹಿಡಿದ ಪಂಡಿತನ ಹಾಗೆ ಮುಖ ಸಪ್ಪಗೆ ಮಾಡುತ್ತಾನೆ. “ದಣಿದೈತಿ. ದೀಪಾವಳಿ ಕಾಣೂದಿಲ್ಲ.” ಗಾಡಿಯವನು ರೇಗುತ್ತಾನೆ: “ನಿನ್ನೆ ಹಾಕ್ಸಿದ್ದಲೇ ಅದು!” “ಹಂಗಾದ್ರ ನಿನ್ನೆಯಿಂದನ ದಣಿಯಾಕತ್ತೈತಿ.” ಬಾವಿಯ ರಾಟೆಯಾಗಲಿ, ಬೀಗರ ಮನೆಯ ತೂಗುಮಂಚದ ಸರಪಳಿಯಾಗಲಿ, ಅವನ ಬಾಯಲ್ಲಿ ಯಾವುದಕ್ಕೂ ಪೂರ್ಣಾಯುಷ್ಯವಿಲ್ಲ. ಕ್ಯಾಂಪಿಗೆ ಬಂದ ದೊರೆಯ ಕಬ್ಬಿಣದ ಕುರ್ಚಿಯನ್ನೂ ಬಡಿದು, “ಕುಂದ್ರಬ್ಯಾಡ್ರಿ ಸಾಹೇಬ್ರ” ಅಂದ. ದೊರೆ ಆವತ್ತಿನ ಕಚೇರಿಯನ್ನೆಲ್ಲ ನಿಂತೇ ಮುಗಿಸಿದ. ಇವನ ಮಾತು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಕೇಳಿದ ಮೇಲೆ ಪರೀಕ್ಷಿಸಿ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ. “ಒಂದಕ್ಕಾದ್ರೂ ಗಟ್ಟಿ ಐತಿ ಅನ್ನಪಾ” ಎಂದು ನಾನೊಮ್ಮೆ ಛೇಡಿಸಿದೆ. ಜಡೆಪ್ಪ ಸುತ್ತಿಗೆ ಕೆಳಗಿಟ್ಟ. “ನಮ್ಮ ತಮ್ಮನ ಗಾಡಿಗೆ ಅಂದಿದ್ದೆರೀ. ಸಂಡೂರು ಘಾಟಿ ಇಳಿಯುವಾಗ ಅಚ್ಚು ಮುರೀತು. ಅವ ಮನಿಗೆ ಬರಲೇ ಇಲ್ಲ.” ಆಮೇಲೆ ಸುತ್ತಿಗೆ ಎತ್ತಿಕೊಂಡು ನನ್ನ ಸೈಕಲ್ಲಿಗೊಂದು ಪೆಟ್ಟು ಕೊಟ್ಟು, ಕಿವಿಗೊಟ್ಟು, ತಲೆಯಾಡಿಸಿದ. ಆವತ್ತು ನಾನು ಸೈಕಲ್ಲನ್ನು ತಳ್ಳಿಕೊಂಡೇ ಮನೆ ಸೇರಿದೆ.