ಇನ್ನೊಂಚೂರು ಮಾವನ ಗುಲಾಬಿ

ನನ್ನ ಗಂಡನ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ‘ಇನ್ನೊಂಚೂರು’. ಅವರದು ಕ್ಷೌರದಂಗಡಿ. ಗಿರಾಕಿ ಕನ್ನಡಿ ನೋಡಿ ಸಾಕು ಎಂದು ಏಳಹೊರಟರೆ ಹೆಗಲು ಒತ್ತಿ ಕೂರಿಸಿ, “ಇರಿ, ಇನ್ನೊಂಚೂರು ತೆಗೀತೀನಿ” ಎನ್ನುತ್ತಾರೆ. ಎಡಗಡೆ ಒಂಚೂರು ತೆಗೆದ ಮೇಲೆ ಬಲಗಡೆಯೂ ಸಮ ಆಗಬೇಕಲ್ಲ. ಕಿವಿಯ ಮೇಲೆ ಸ್ವಲ್ಪ ಕೂದಲು ಇರಲಿ ಎಂದು ಹೇಳಿ ಕೂತವರು ಬೋಳು ಕಿವಿ ಹೊತ್ತು ಮನೆಗೆ ಹೋಗುತ್ತಾರೆ. ಆದರೂ ಮುಂದಿನ ಸಲ ಅಲ್ಲಿಗೇ ಬರುತ್ತಾರೆ, ಕೈ ಅಷ್ಟು ಹಗುರ. ನಾನು ಅವರನ್ನು ದೊಡ್ಡಮಾವ ಎನ್ನುತ್ತೇನೆ, ಅವರ ಹೆಂಡತಿಯನ್ನು ದೊಡ್ಡತ್ತೆ.

ನಾವಿರುವುದು ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ನಡುವಿನ ಅಂಗಳ ಇಬ್ಬರಿಗೂ ಸೇರಿದ್ದು. ಸುತ್ತ ಎತ್ತರದ ಮನೆಗಳು ಎದ್ದ ಮೇಲೆ ಅಲ್ಲಿ ಬಿಸಿಲು ಬೀಳುವುದು ಒಂದೇ ಮೂಲೆಗೆ, ನೀರಿನ ತೊಟ್ಟಿಯ ಪಕ್ಕಕ್ಕೆ. ಆ ಮೂಲೆಯಲ್ಲೇ ದೊಡ್ಡಮಾವ ಇಂಗ್ಲಿಷ್ ಗುಲಾಬಿ ನೆಟ್ಟರು.

ಆಸೆ ಹುಟ್ಟಿಸಿದ್ದು ಅಂಗಡಿಯ ಗೋಡೆಯ ಕ್ಯಾಲೆಂಡರು. ಒಂದು ತಿಂಗಳ ಚಿತ್ರದಲ್ಲಿ ಬಟ್ಟಲಿಗೆ ಎಸಳು ತುರುಕಿದಂಥ ಗುಲಾಬಿಗಳಿದ್ದವು. ತಿಂಗಳು ಕಳೆದರೂ ಅವರು ಹಾಳೆ ತಿರುಗಿಸಲಿಲ್ಲ. ಗಿರಾಕಿಗಳು ಸಂಬಳದ ದಿನವನ್ನೇ ತಪ್ಪು ಎಣಿಸತೊಡಗಿದ ಮೇಲೆ, ವಾರದ ರಜೆಯ ಒಂದು ದಿನ, “ನೀನು ಇಂಗ್ಲಿಷ್ ಓದಿದೋಳು, ಗಿಡದ ಚೀಟಿ ಓದೋಕೆ ಬಾ” ಎಂದು ನನ್ನನ್ನು ನರ್ಸರಿಗೆ ಕರೆದುಕೊಂಡು ಹೋದರು. ಆಗ ನಾನು ಬಸುರಿ. ಬಸ್ಸಿನ ಕುಲುಕಾಟಕ್ಕೆ ಏನಾದರೂ ಆದೀತೇ ಎಂದು ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡೇ ಕೂತಿದ್ದೆ.

ನರ್ಸರಿಯಾಕೆ ಗಿಡ ತೋರಿಸುವ ಮೊದಲು ಪ್ರಶ್ನೆ ಕೇಳಿದಳು. “ಬಿಸಿಲು ಎಷ್ಟು ಹೊತ್ತು ಬೀಳುತ್ತೆ?”

“ಬೆಳಗ್ಗೆಯಿಂದ ಊಟದ ಹೊತ್ತಿನವರೆಗೂ ಇರುತ್ತೆ” ಎಂದರು ದೊಡ್ಡಮಾವ.

“ಅಷ್ಟು ಸಾಕು. ಜಾಗ? ಇದು ಮೂಲೇಲಿ ಮುದುರಿ ಕೂರೋ ಜಾತಿ ಅಲ್ಲ, ಪೊದೆ. ಕೈಕಾಲು ಚಾಚುತ್ತೆ.”

“ಮುಳ್ಳು ಕಮ್ಮಿ ಇರೋದು ಯಾವುದು?” ಎಂದು ನಾನು ನಡುವೆ ಕೇಳಿದೆ. ಇನ್ನೂ ಹುಟ್ಟದ ಬೆರಳುಗಳಿಗೆ ಆಗಲೇ ಮುಳ್ಳು ಚುಚ್ಚಿದಂತೆ ನನಗೆ ಕಾಣುತ್ತಿತ್ತು.

ಅವಳು ಎರಡನ್ನು ಮುಂದಿಟ್ಟಳು. ಎರಡಕ್ಕೂ ಮುಳ್ಳು ಕಮ್ಮಿ, ಎರಡೂ ಪರಿಮಳದವು. ಒಂದು ನೆಟ್ಟಗೆ ನಿಂತಿತ್ತು, ಇನ್ನೊಂದು ದಿಕ್ಕಿಗೊಂದು ಕೊಂಬೆ ಎಸೆದುಕೊಂಡಿತ್ತು. ದೊಡ್ಡಮಾವ ಎರಡನೆಯದರೊಳಗೆ ಕೂದಲಲ್ಲಿ ಆಡಿಸುವ ಹಾಗೆ ಬೆರಳಾಡಿಸಿ, “ಇದೇ ಇರ್ಲಿ. ಇಂಥ ತಲೆ ಕಂಡ್ರೆ ಕೈ ತುರಿಸುತ್ತೆ” ಎಂದರು.

“ತುರಿಸಿದ್ರೂ ತಡ್ಕೊಳ್ಳಿ. ಚಳಿ ಮುಗಿಯೋ ಹೊತ್ತಿಗೆ ವರ್ಷಕ್ಕೊಂದ್ಸಲ ಕತ್ತರಿಸಿದ್ರೆ ಸಾಕು.”

“ವರ್ಷಕ್ಕೊಂದ್ಸಲ ಸಾಕು ಅನ್ನೋರು ನನ್ನ ಅಂಗಡಿಗೂ ಬರ್ತಾರಮ್ಮ. ಆ ತಲೆ ನೀವು ನೋಡ್ಬೇಕು.”

ಗುಂಡಿ ಆಳವಾಗಿಯೇ ತೋಡಿದರು, ಹಳೆ ಗೊಬ್ಬರ ಬೆರೆಸಿದರು, ಆಕೆ ಹೇಳಿದಂತೆ ಕಸಿಯ ಗಂಟು ಮಣ್ಣಿನೊಳಗೆ ಹೋಗುವ ಹಾಗೆ ನೆಟ್ಟರು. ಅಷ್ಟರವರೆಗೆ ಎಲ್ಲ ಸರಿ. ಆಮೇಲೆ ಯಾರೋ ಗಿರಾಕಿ ಕೂದಲು ಒಳ್ಳೆಯ ಗೊಬ್ಬರ ಎಂದನಂತೆ. ಅಂಗಡಿ ಗುಡಿಸಿದ್ದು ಚೀಲದಲ್ಲಿ ಮನೆಗೆ ಬರತೊಡಗಿತು. “ಊರವರ ತಲೆ ಅಂಗಡೀಲಿ ಸವರಿದ್ದು ಸಾಲದು, ಮನೆಗೂ ತರ್ಬೇಕಾ?” ಎಂದು ದೊಡ್ಡತ್ತೆ ಮೂಗು ಮುಚ್ಚಿಕೊಂಡರು.

ಗಿಡ ಮಾತ್ರ ಕಣ್ಣಿಗೆ ಹಬ್ಬವಾಗುವಂತೆ ಬೆಳೆಯಿತು. ಪ್ರತಿ ರಜೆಯ ದಿನ ಅವರು ಸ್ಟೂಲು ಹಾಕಿ ಕೂತು, ಬಾಚಣಿಗೆಯೊಂದಿಲ್ಲ ಅನ್ನುವುದು ಬಿಟ್ಟರೆ, ಅದಕ್ಕೆ ಪೂರ್ತಿ ಕ್ಷೌರವನ್ನೇ ಮಾಡುತ್ತಿದ್ದರು. ಹೊರಬಂದ ಪ್ರತಿ ತುದಿಗೂ ಕತ್ತರಿ ಬೀಳುತ್ತಿತ್ತು. ಗಿಡ ಚೆಂಡಿನಂತೆ ದುಂಡಗೆ, ಹಸಿರಾಗಿ ನಿಂತಿತು. ಹೂವು ಬಿಡಲಿಲ್ಲ.

ನನ್ನ ಮಗಳು ಹುಟ್ಟಿದಳು. ಅವಳ ಬಟ್ಟೆಗಳು ಒಣಗಲೊಲ್ಲವು. ಒದ್ದೆ ಬಟ್ಟೆಯಿಂದ ನೆಗಡಿ, ನೆಗಡಿಯಿಂದ ಕಫ, ಕಫದಿಂದ ಇನ್ನೇನೋ ಎಂದು ನಾನು ರಾತ್ರಿ ಹಗಲು ಲೆಕ್ಕ ಹಾಕುತ್ತಿದ್ದೆ. ಚಳಿಗಾಲದಲ್ಲಂತೂ ಆ ಮೂಲೆ ಬಿಟ್ಟರೆ ಬೇರೆಲ್ಲೂ ಬಿಸಿಲಿರದು. ದೊಡ್ಡತ್ತೆ ಒಂದು ದಿನ ಗಂಡನ ತಟ್ಟೆಯ ಮುಂದೆ ಕೂತು ತೀರ್ಮಾನ ಹೇಳಿದರು: “ಕೂಸಿಗಿಂತ ಹೆಚ್ಚಲ್ಲ ನಿಮ್ಮ ಗಿಡ. ಚಳಿ ಬೀಳೋದ್ರೊಳಗೆ ಹೂ ಬಿಟ್ರೆ ಸರಿ. ಇಲ್ದಿದ್ರೆ ಕಿತ್ತು ತಂತಿ ಕಟ್ಟಿಸ್ತೀನಿ.”

“ಬಿಡುತ್ತೆ” ಎಂದರು ದೊಡ್ಡಮಾವ. ಊಟ ಅರ್ಧಕ್ಕೇ ಬಿಟ್ಟು ಹೋಗಿ ಗಿಡಕ್ಕೆ ನೀರು ಹಾಕಿದರು.

ಅದೇ ಹೊತ್ತಿಗೆ ಅವರ ಬಲಗೈ ಹೆಗಲ ಹತ್ತಿರ ಸೆಟೆದುಕೊಂಡಿತು. ಜೀವಮಾನವೆಲ್ಲ ಎತ್ತಿಹಿಡಿದ ಕೈ ಅದು. ಡಾಕ್ಟರು ಕತ್ತರಿ ಮುಟ್ಟಬೇಡಿ ಎಂದರು. ಅಂಗಡಿಯನ್ನು ಅವರ ಮಗಳು ನೋಡಿಕೊಂಡಳು. ಗಿಡವನ್ನು ನೋಡಿಕೊಳ್ಳುವವರು ಇರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ತೋರಿಸಿ ನನಗೆ ಹೇಳುವರು: “ತಾಯಿ, ಆ ಕಡೆ ಕಿವಿ ಮೇಲೆ ಬಂದಿದೆ ನೋಡು. ಇನ್ನೊಂಚೂರು ತೆಗೀಬಾರ್ದಾ?”

ನನ್ನ ಕೂಸಿನ ಉಗುರು ಕತ್ತರಿಸಲೂ ಹೆದರಿ ಅವಳನ್ನು ದೊಡ್ಡತ್ತೆಯ ಮಡಿಲಿಗೆ ಹಾಕುವವಳು ನಾನು. “ನಾಳೆ ತೆಗೀತೀನಿ ದೊಡ್ಡಮಾವ” ಎನ್ನುತ್ತಿದ್ದೆ. ನಾಳೆಗಳು ಕಳೆದವು. ಚೆಂಡು ಒಡೆದು ಕೊಂಬೆಗಳು ಕಮಾನಿನಂತೆ ಬಾಗಿದವು.

ಬೆಳಗಿನ ಗಾಳಿ ತಣ್ಣಗಾದ ಒಂದು ದಿನ ತಪ್ಪಿಸಿಕೊಳ್ಳಲು ನೆಪ ಸಿಗದೆ ಕತ್ತರಿ ಹಿಡಿದೆ. ಮೊದಲ ತುದಿಯಲ್ಲೇ ಹಸಿರು ಮಣಿಯಂಥದೊಂದು ಇತ್ತು. ಪಕ್ಕದ್ದರಲ್ಲೂ ಇತ್ತು. ಹುಳುವಿನ ಗೂಡೋ, ರೋಗದ ಗಂಟೋ, ಕೂಸಿಗೆ ತಗಲುವಂಥದ್ದೋ ಎಂದು ಹೆದರಿ ದೊಡ್ಡತ್ತೆಯನ್ನು ಕೂಗಿದೆ.

ಅವರು ಬಗ್ಗಿ ನೋಡಿದರು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದರು. “ರೋಗ ಅಲ್ಲ ಕಣೇ, ಮೊಗ್ಗು” ಎಂದು ಸ್ಟೂಲಿನತ್ತ ತಿರುಗಿದರು. “ಅಲ್ಲಾರೀ, ತುದೀಲಿ ಬರೋ ಮೊಗ್ಗನ್ನೇ ವಾರವಾರ ಸವರಿ ಗುಡಿಸ್ತಾ ಇದ್ರಲ್ಲ? ತೊಟ್ಟಿಲು ಮುರಿದು, ಕೂಸಿನ್ನೂ ಬರ್ಲಿಲ್ಲ ಅಂತ ಬಾಗಿಲು ಕಾದ ಹಾಗಾಯ್ತು.”

ದೊಡ್ಡಮಾವ ಎದ್ದು ಬಂದು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ಜೇಬಿಗಿಟ್ಟರು.

ದೊಡ್ಡತ್ತೆ ಬಿಡಲಿಲ್ಲ. “ಆದ್ರೂ ಮಾತು ಮಾತೇ. ಹೂವು ಅಂದಿದ್ದೆ, ಮೊಗ್ಗು ಅಂದಿರ್ಲಿಲ್ಲ. ಚಳಿ ಬಂದಾಯ್ತು. ಕೂಸಿನ ಬಟ್ಟೆಗೇನು ದಾರಿ?”

ದೊಡ್ಡಮಾವ ತೊಟ್ಟಿಯ ಪಕ್ಕದ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ಅಂಗಡಿ ಮೇಲೆ ಟವೆಲ್ ಒಣಗ್ಸೋ ತಾರಸಿ ಇದ್ಯಲ್ಲ. ದಿನವಿಡೀ ಬಿಸಿಲು. ಬಕೆಟ್ ನಾನೇ ಒಯ್ತೀನಿ” ಎಂದರು.

“ಒಂದು ಕೈಯಲ್ಲಾ?”

“ಇನ್ನೊಂದು ಕೈ ಇದ್ದಾಗ ಮಾಡಿದ್ದು ನೋಡಿದ್ಯಲ್ಲ” ಎಂದರು.

ಮರುದಿನದಿಂದ ಬಕೆಟ್ ಎಡಗೈಯಲ್ಲಿ ಹೊರಟಿತು. ಸಂಜೆ ಬಟ್ಟೆಗಳು ಗರಿಗರಿಯಾಗಿ, ಶೇವಿಂಗ್ ಸೋಪಿನ ವಾಸನೆ ಹೊತ್ತು ಬರುತ್ತಿದ್ದವು. ಬೀದಿಯವರು ಅಂಗಡಿಗೆ ಚಿಕ್ಕ ಗಿರಾಕಿ ಸೇರಿದಾಳಂತೆ ಎಂದು ನಕ್ಕರು. ನನಗೆ ಹೊಸ ಚಿಂತೆ ಹತ್ತಿಕೊಂಡಿತು: ಗಡಿಬಿಡಿಯಲ್ಲಿ ಯಾರ ಟವೆಲ್ ನನ್ನ ಮಗಳಿಗೆ ಬರುತ್ತದೋ, ಅವಳದು ಯಾರ ಕುತ್ತಿಗೆಗೆ ಹೋಗುತ್ತದೋ. ಪ್ರತಿ ಬಟ್ಟೆಯ ಅಂಚಿಗೂ ಕೆಂಪು ದಾರ ಹೊಲಿದೆ.

ಮೊಗ್ಗು ಚಳಿಗೆ ನಿಧಾನವಾಗಿ ಬಿರಿಯಿತು. ಎಸಳೊಳಗೆ ಎಸಳು, ಮಾಗಿದ ಹಣ್ಣಿನ ಬಣ್ಣ. ಭಾರಕ್ಕೆ ಕತ್ತು ನಿಲ್ಲದೆ ಹೂವು ನೆಲ ನೋಡುತ್ತಿತ್ತು. ದೊಡ್ಡಮಾವ ಬಕೆಟ್ ಕೆಳಗಿಟ್ಟು, ಗಿರಾಕಿಯ ಗಲ್ಲ ಎತ್ತುವಂತೆ ಎರಡು ಬೆರಳಿನಿಂದ ಅದನ್ನು ಮೇಲೆತ್ತಿ ನೋಡಿದರು. ಪಕ್ಕದ ಕೊಂಬೆಯೊಂದು ದಾರಿಗೆ ಅಡ್ಡ ಚಾಚಿ ಅವರ ತೋಳಿಗೆ ತಗಲುತ್ತಿತ್ತು. ಅದರ ತುದಿಯಲ್ಲೂ ಮಣಿ ಇತ್ತು.

ಬಾಗಿಲಲ್ಲಿ ನಿಂತಿದ್ದ ದೊಡ್ಡತ್ತೆ, “ಏನ್ರೀ, ಅದನ್ನ ಇನ್ನೊಂಚೂರು ತೆಗೀತೀರಾ?” ಎಂದರು.

ಅವರು ಹೂವನ್ನು ಮೆಲ್ಲಗೆ ಬಿಟ್ಟು, ಆ ಕೊಂಬೆಗೆ ತಗಲದ ಹಾಗೆ ತೊಟ್ಟಿಯ ಆ ಬದಿಯಿಂದ ಸುತ್ತಿಕೊಂಡು ಬಕೆಟ್ ಹಿಡಿದು ಹೊರಟರು.