ಕಿಟಕಿ ಕಂಬಿಗೆ ಕಟ್ಟಿದ ದೋಣಿ ಇಂಜಿನ್

ಕುಮಾರಸ್ವಾಮಿ ಲೇಔಟಿನ ನಮ್ಮ ಮಹಡಿ ಮನೆಗೆ ಫ್ರಿಜ್ಜು ಏರಿಸುವಾಗಲೇ ಮೆಟ್ಟಿಲ ಗೋಡೆಯ ಬಣ್ಣವೆಲ್ಲ ಕಿತ್ತುಬಂದಿತ್ತು. ಇನ್ನು ದೋಣಿಯ ಇಂಜಿನ್ ಏರಿಸುವುದೆಂದರೆ ಕೇಳಬೇಕೆ.

ನನ್ನ ಸೋದರಮಾವ ಕಾವೇರಿ ಹಿನ್ನೀರಿನಲ್ಲಿ ದೋಣಿ ಇಟ್ಟುಕೊಂಡಿದ್ದಾರೆ. ಅದರ ಹಿಂಬದಿಗೆ ತಗುಲಿಸುವ ಇಂಜಿನ್ ಕೆಟ್ಟು ಕೂತಿತು. ಮಾವ ಅದನ್ನು ಬಿಚ್ಚಿ, ಬೆಂಗಳೂರಿಗೆ ಬರುವ ತರಕಾರಿ ಗಾಡಿಗೆ ಹಾಕಿ ಕಳಿಸಿಬಿಟ್ಟರು. ನಮ್ಮ ಯಜಮಾನರದು ಜೆ.ಪಿ. ನಗರದಲ್ಲಿ ಬೈಕ್ ಗ್ಯಾರೇಜು. ಅಳಿಯನ ಕೈಗೆ ಸಿಕ್ಕರೆ ಯಾವ ಇಂಜಿನ್ನಾದರೂ ಬಾಯಿ ಬಿಡುತ್ತದೆಂದು ಮಾವನ ನಂಬಿಕೆ. ಗ್ಯಾರೇಜಿನಲ್ಲಿ ಬೈಕು ನಿಲ್ಲಿಸುವುದಕ್ಕೇ ಜಾಗವಿಲ್ಲ, ಹಾಗಾಗಿ ಅದು ನೇರ ಮನೆಗೆ ಬಂತು.

ಕೆಲಸಕ್ಕೆ ಗಡುವಿತ್ತು. ಭಾನುವಾರ ಮಾವನ ಮಗಳ ಸೀಮಂತ. ಅವಳನ್ನು ಕೊಟ್ಟಿರುವುದು ಹಿನ್ನೀರಿನ ಆಚೆ ದಡದ ಊರಿಗೆ. ಶಾಸ್ತ್ರ ಮುಗಿಸಿ ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕು. ರಸ್ತೆಯಲ್ಲಿ ಬಳಸಿ ಬಂದರೆ ಬರೀ ಗುಂಡಿ, ಡಾಕ್ಟರು ಕುಲುಕಾಟ ಕೂಡದು ಎಂದಿದ್ದಾರೆ. ಅಷ್ಟಗಲದ ನೀರನ್ನು ಹುಟ್ಟು ಹಾಕಿ ದಾಟಲು ಮಾವನ ತೋಳಿಗೆ ಈಗ ಕಸುವಿಲ್ಲ. ಅಮ್ಮ ಇಲ್ಲದ ನನ್ನನ್ನು ಕರೆದೊಯ್ದು ಬಾಣಂತನ ಮಾಡಿಸಿದವರೂ ಅದೇ ಮಾವ. ಇಂಜಿನ್ ಓಡುವ ತನಕ ನನಗೆ ಅನ್ನ ಸೇರುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟೆ.

ಇಂಜಿನ್ನನ್ನು ಗುರುತು ಹಾಕಿದ ಮಗ್ಗುಲಿಗಲ್ಲದೆ ಬೇರೆ ಮಗ್ಗುಲಿಗೆ ಮಲಗಿಸಬೇಡಿ ಎಂದು ಮಾವ ಫೋನಿನಲ್ಲಿ ಹೇಳಿದ್ದರು. ಹಳೇ ಕಂಬಳಿಯಲ್ಲಿ ಸುತ್ತಿ, ತಲೆ ಕಡೆ ಯಜಮಾನರು, ಕಾಲ ಕಡೆ ಗಾಡಿಯವನು ಹಿಡಿದು ಮೆಟ್ಟಿಲು ಹತ್ತಿಸಿದರು. ಎದುರುಮನೆ ಆಂಟಿ ಓಡಿಬಂದು ಯಾರಿಗೆ ಹುಷಾರಿಲ್ಲವೆಂದು ಕೇಳಿದರು. ಇಂಜಿನ್ ಅಂದರೆ ನಂಬಲಿಲ್ಲ, ಕಂಬಳಿ ಸರಿಸಿ ನೋಡಿಯೇ ಹೋದರು.

ಯಜಮಾನರು ಟೀವಿ ಪಕ್ಕದ ಕಿಟಕಿ ಕಂಬಿಗೆ ಹಲಗೆ ಬಿಗಿದು ಇಂಜಿನ್ ನೆಟ್ಟಗೆ ನಿಲ್ಲಿಸಿದರು. ಎಣ್ಣೆ ನೆಲಕ್ಕೆ ತೊಟ್ಟಿಕ್ಕದಿರಲೆಂದು ಕೆಳಗೆ ನನ್ನ ಒಳ್ಳೆಯ ತಟ್ಟೆಯನ್ನೇ ಇಟ್ಟರು. ಅವತ್ತು ಚೆನ್ನಾಗಿ ಬೈದೆ. ಮಾರನೆಯ ದಿನ ಒದ್ದೆ ಟವೆಲನ್ನು ಅದರ ಮೇಲೇ ಒಣಗಲು ಹಾಕಿದೆ.

ನೀರೆಳೆಯುವ ರಬ್ಬರ್ ಚಕ್ರ ಸವೆದಿತ್ತು, ಹೊಸದು ಹಾಕಿದ್ದಾಯಿತು. ಇಂಥ ಇಂಜಿನ್ನನ್ನು ನೀರಿನಲ್ಲಿ ಮುಳುಗಿಸಿಯೇ ಓಡಿಸಿ ನೋಡಬೇಕಂತೆ. ದಿನ ಬಿಟ್ಟು ದಿನ ಬರುವ ನಲ್ಲಿ ನೀರನ್ನು ತಾರಸಿಯ ನೀಲಿ ಡ್ರಮ್ಮಿಗೆ ತುಂಬಿಸಿ ಕೊಟ್ಟೆ. ಅದೂ ಕಾವೇರಿಯೇ, ಇಂಜಿನ್‌ಗೂ ತವರಿನ ನೀರು. ಆದರೂ ಸ್ಟಾರ್ಟ್ ಮಾಡುವ ಹಗ್ಗವನ್ನು ಎಷ್ಟು ಎಳೆದರೂ ಅದು ಕಮಕ್ ಕಿಮಕ್ ಅನ್ನಲಿಲ್ಲ.

ಆಗ ನಮ್ಮ ಯಜಮಾನರ ಹಳೇ ಚಾಳಿ ಎದ್ದಿತು. ಹಳೇ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಈ ಊರಿನ ಗಂಡಸರೆಲ್ಲ ಮಾಡುತ್ತಿದ್ದುದು ಒಂದೇ, ಗಾಡಿಯನ್ನು ಪಕ್ಕಕ್ಕೆ ಬಾಗಿಸಿ ಎತ್ತುವುದು. ಇಂಜಿನ್ನನ್ನೂ ಡ್ರಮ್ಮಿನಿಂದ ತೆಗೆದು ಬಾಗಿಸಿದರು. ಅದೂ ಮಾವ ಬೇಡವೆಂದ ಮಗ್ಗುಲಿಗೇ.

"ರೀ, ಇದು ಸ್ಕೂಟರ್ ಅಲ್ಲ," ಅಂದೆ.

"ಏನಾಗಲ್ಲ ಇರೇ."

ಮತ್ತೆ ಡ್ರಮ್ಮಿಗಿಳಿಸಿ ಹಗ್ಗ ಎಳೆದಾಗ ಇಂಜಿನ್ ಸ್ಟಾರ್ಟ್ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಒಳಗಿನ ಆಯಿಲ್ ಹರಿಯಬಾರದ ಕಡೆ ಹರಿದು, ಬೀದಿಯಿಡೀ ಹೊಗೆ. ಸೊಳ್ಳೆಗೆ ಹೊಗೆ ಹಾಕುವವರು ಬಂದರೆಂದು ಸಾಲುಮನೆಯವರೆಲ್ಲ ಕಿಟಕಿ ಮುಚ್ಚಿಕೊಂಡರು. ಕೆಮ್ಮಿ ಕೆಮ್ಮಿ ಇಂಜಿನ್ ನಿಂತುಹೋಯಿತು. ನನಗೆ ನಗುವೂ ಬಂತು, ಭಾನುವಾರ ನೆನೆದು ಭಯವೂ ಆಯಿತು. ಯಜಮಾನರು ಪ್ಲಗ್ ಬಿಚ್ಚಿದರು, ಹಗ್ಗ ಎಳೆದೆಳೆದು ಆಯಿಲ್ ಹೊರಹಾಕಿದರು, ಹಳೇ ಬಟ್ಟೆಯಲ್ಲಿ ಒರೆಸಿ ಹೊಸ ಆಯಿಲ್ ತುಂಬಿದರು. ಸಂಜೆಗೆ ಅದು ಹೊಗೆಯಿಲ್ಲದೆ ಓಡಿತು. ಆ ರಾತ್ರಿ ಹೊಟ್ಟೆ ತುಂಬ ಉಂಡೆ. ಶನಿವಾರ ಖಾಲಿ ಹೋಗುತ್ತಿದ್ದ ತರಕಾರಿ ಗಾಡಿಗೆ ಇಂಜಿನ್ ಹತ್ತಿಸಿದೆವು.

ಆ ವಾರ ಗ್ಯಾರೇಜಿನಲ್ಲಿ ರಿಪೇರಿಗೆ ಬಂದ ಬೈಕುಗಳು ಬಾಕಿ ಬಿದ್ದಿದ್ದರಿಂದ ನಾವು ಸೀಮಂತಕ್ಕೆ ಹೋಗಲಾಗಲಿಲ್ಲ. ಭಾನುವಾರ ಸಂಜೆ ಮಾವನ ಮಗಳ ಫೋನ್ ಬಂತು. ದೋಣಿಯಲ್ಲಿದ್ದೇನೆ ಅಂದಳು. ಹಿಂದೆ ಇಂಜಿನ್ ಸದ್ದೇ ಇಲ್ಲ. ಮತ್ತೆ ಕೆಟ್ಟಿತೇ ಎಂದು ಕೇಳಿದೆ.

"ಇಲ್ಲಕ್ಕ, ಚೆನ್ನಾಗೇ ಓಡ್ತು. ದಡ ಕಾಣ್ತಿದ್ದಂಗೆ ಅಪ್ಪಾನೇ ಆಫ್ ಮಾಡ್ಬಿಟ್ರು. ಹೊಟ್ಟೆಯೊಳಗೆ ಮಗು ಮಲಗಿರುತ್ತೆ, ಸದ್ದಾಗುತ್ತೆ ಅಂತ ಹುಟ್ಟು ಹಾಕ್ತಿದಾರೆ."

ವಾರವಿಡೀ ಒದ್ದಾಡಿದ ಯಜಮಾನರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ ಇನ್ನೊಮ್ಮೆ ಹೇಳಿಸಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಫೋನಿನ ಹತ್ತಿರ ಬಗ್ಗಿದರು.

"ಮಾವಂಗೆ ಹೇಳಮ್ಮ, ಅರ್ಜೆಂಟೇನಿಲ್ಲ, ನಿಧಾನಕ್ಕೇ ಬರ್ಲಿ."